ಉಪದೇಶಕ್ಕೆ ಬಂದವನು ಎಲ್ಲಿ ನಿಂತಿರಬೇಕು

ಬೆಳಿಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ಮಲಗಬೇಕು. ದೇಶಕ್ಕೆ ತಕ್ಕಂತೆ ಸ್ವಲ್ಪ ಹಿಂದುಮುಂದಾಗಬಹುದು, ಅಷ್ಟೆ. ಎದ್ದ ಮೇಲೆ ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ, ಪ್ರಾರ್ಥನೆ. ಆಮೇಲೆ ಒಬ್ಬನೇ ಕೂತು ಧರ್ಮಗ್ರಂಥ ಓದುವುದು, ಅದಾದ ಮೇಲೆ ಜೊತೆಗಾರನೊಂದಿಗೆ ಓದುವುದು, ಹೊಸ ಭಾಷೆ ಕಲಿಯುತ್ತಿದ್ದರೆ ಅದಕ್ಕೂ ದಿನಾ ಒಂದಿಷ್ಟು ಹೊತ್ತು. ಉಳಿದ ಹಗಲೆಲ್ಲ ಬೀದಿ, ಬಸ್ಸು, ಗುರುತಿಲ್ಲದವರ ಮನೆ. ಸಿನಿಮಾ ಇಲ್ಲ, ಪ್ರೇಮಪ್ರಸಂಗ ಕೂಡದು, ಜೊತೆಗಾರನ ಕಣ್ಣಳತೆ ದಾಟಿ ಒಂಟಿಯಾಗಿ ಎಲ್ಲಿಗೂ ಹೋಗುವಂತಿಲ್ಲ. ಬಟ್ಟೆ ಒಗೆಯಲು, ದಿನಸಿ ತರಲು, ಮನೆಗೆ ಪತ್ರ ಬರೆಯಲು ವಾರಕ್ಕೊಂದು ದಿನ. ತಂದೆತಾಯಿಯ ದನಿ ಕೇಳಲು 2019ರ ಫೆಬ್ರುವರಿವರೆಗೆ ವರ್ಷಕ್ಕೆ ಎರಡೇ ಸಂದರ್ಭ. ಆಮೇಲೆ ನಿಯಮ ಸಡಿಲವಾಗಿ ವಾರಕ್ಕೊಮ್ಮೆ ಫೋನ್ ಮಾಡಲು ಬಿಟ್ಟರು. ಜೋಸೆಫ್ ಸ್ಮಿತ್ 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಕಟ್ಟಿದ, ಲೋಕ ಮಾರ್ಮನ್ ಎಂದು ಕರೆಯುವ ಸಭೆಯ ಹರೆಯದ ಪ್ರಚಾರಕನ ದಿನಚರಿ ಇದು. ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18 ತಿಂಗಳು. 2012ರಿಂದ ಹುಡುಗರು ಹದಿನೆಂಟಕ್ಕೇ ಹೊರಡಬಹುದು. ಸಂಬಳವಿಲ್ಲ, ಖರ್ಚು ಸಾಮಾನ್ಯವಾಗಿ ಸ್ವಂತ ಉಳಿತಾಯದ್ದು, ಇಲ್ಲವೇ ಮನೆಯವರದು. ಯಾವ ಊರು, ಯಾವ ಭಾಷೆ ಎಂಬುದನ್ನು ಹೊರಟವನು ಆರಿಸುವುದಿಲ್ಲ. ಸಭೆಯ ಹಿರಿಯರು ಗೊತ್ತುಮಾಡಿ ಪತ್ರ ಕಳಿಸುತ್ತಾರೆ.

ಈ ಸಭೆ ಬೆಂಗಳೂರಿಗೂ ಬಂದಿದೆ. 1851ರಲ್ಲೇ ಕಲ್ಕತ್ತೆಗೆ ಅದರ ಪ್ರಚಾರಕರು ಬಂದಿದ್ದರು, ಐದಾರು ವರ್ಷಗಳಲ್ಲಿ ಕೈಚೆಲ್ಲಿ ಹಿಂದಿರುಗಿದರು. 1993ರಲ್ಲಿ ಬೆಂಗಳೂರನ್ನು ಕೇಂದ್ರವಾಗಿಸಿಕೊಂಡು ಅದರ ಮಿಷನ್ ಶುರುವಾಯಿತು. ಭಾರತದ ತನ್ನ ಮೊದಲ ದೇವಾಲಯವನ್ನು ಇಲ್ಲೇ ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ರಾಜಾಜಿನಗರ, ವಿಜಯನಗರ, ಕೆಂಗೇರಿಯ ಜನರಲ್ಲಿ ಇದರ ಹೆಸರು ಕೇಳಿದವರು ಕಡಿಮೆ. ಆದರೆ ಉಪದೇಶಕ್ಕೆಂದು ಮನೆ ಬಿಟ್ಟ ಹರೆಯದವರು ನಗರದ ಈ ಪಶ್ಚಿಮ ಭಾಗಕ್ಕೆ ಹೊಸಬರಲ್ಲ. ರಾಜಾಜಿನಗರದ ಇಸ್ಕಾನ್ ಗುಡ್ಡದಲ್ಲಿ ಓದು ಮುಗಿಸಿ ಬಂದ ಬ್ರಹ್ಮಚಾರಿಗಳಿದ್ದಾರೆ, ವಿಜಯನಗರದಲ್ಲಿ ಆದಿಚುಂಚನಗಿರಿಯ ಶಾಖಾಮಠವಿದೆ, ಕೆಂಗೇರಿ ದಾಟಿದರೆ ಕುಂಬಳಗೋಡಿನಲ್ಲಿ 2019ರಲ್ಲಿ ಜೈನ ತೇರಾಪಂಥದ ಆಚಾರ್ಯ ಮಹಾಶ್ರಮಣರು ತಮ್ಮ ಸಾಧುಸಾಧ್ವಿಯರೊಂದಿಗೆ ಚಾತುರ್ಮಾಸ ಕಳೆದರು. ಇವರೆಲ್ಲರ ಎದುರು ಏಳುವ ಪ್ರಶ್ನೆ ಒಂದೇ. ಮೀಸೆ ಚಿಗುರುತ್ತಿರುವ ಹುಡುಗನೊಬ್ಬ ಅರವತ್ತು ದಾಟಿದ ಗೃಹಸ್ಥನಿಗೆ, ನೀವು ಇಲ್ಲಿಯವರೆಗೆ ನಂಬಿದ್ದು ಸಾಲದು ಎಂದು ಹೇಳಲು ಯಾವ ಹಕ್ಕಿನಿಂದ ಹೊರಟಿದ್ದಾನೆ? ನಾವು ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಕೇಳುಗನ ಕಡೆಯಿಂದ ಬಿಡಿಸಲು ನೋಡುತ್ತೇವೆ: ಅವನು ಬಡವನೇ, ಮುಗ್ಧನೇ, ಆಮಿಷಕ್ಕೆ ಬಿದ್ದನೇ ಎಂದು. ಹೇಳುವವನ ಕಡೆಯಿಂದ ಬಿಡಿಸಬೇಕು ಎಂಬುದು ನನ್ನ ವಾದ. ಕೇಳುವವನಿಗಿಂತ ಕೆಳಗೆ ನಿಂತವನಿಗೆ ಮಾತ್ರ ಧರ್ಮ ಹೇಳುವ ಅರ್ಹತೆ ಬರುತ್ತದೆ. ಹಣದಲ್ಲಿ, ಭಾಷೆಯಲ್ಲಿ, ಹಂಗಿನಲ್ಲಿ ಅವನು ಮೇಲೆ ನಿಂತಿದ್ದರೆ ಅವನ ಮಾತು ಎಷ್ಟೇ ನಿಜವಾಗಿರಲಿ, ಎಷ್ಟೇ ಮೃದುವಾಗಿರಲಿ, ಅದರಲ್ಲಿ ಒತ್ತಾಯ ಬೆರೆತಿರುತ್ತದೆ.

ಇದು ಸ್ಪಷ್ಟವಾಗಿ ಕಾಣುವುದು ಆ ಸಭೆಯ ಸ್ಪ್ಯಾನಿಷ್ ಕೆಲಸದಲ್ಲಿ. ಅದು ಸ್ಪ್ಯಾನಿಷ್ ಮಾತಾಡುವವರ ನಡುವೆ ಪ್ರಚಾರ ಶುರುಮಾಡಿ ಒಂದೂವರೆ ಶತಮಾನವಾಯಿತು. 1875-76ರಲ್ಲೇ ತನ್ನ ಗ್ರಂಥದ ಆಯ್ದ ಭಾಗಗಳನ್ನು ಸ್ಪ್ಯಾನಿಷ್‌ಗೆ ತಂದು ಮೆಕ್ಸಿಕೊಗೆ ಜನರನ್ನು ಕಳಿಸಿತು, ಪೂರ್ತಿ ಗ್ರಂಥ 1886ರಲ್ಲಿ ಬಂತು. ಇವತ್ತು ಯೂಟಾದ ಪ್ರೊವೊದಲ್ಲಿರುವ ತರಬೇತಿ ಕೇಂದ್ರದಲ್ಲಿ ಆರು ವಾರದಷ್ಟು ಸ್ಪ್ಯಾನಿಷ್ ಕಲಿತ ಹುಡುಗ ಲಾಸ್ ಏಂಜಲೀಸ್ ಅಥವಾ ಹ್ಯೂಸ್ಟನ್ನಿನ ವಲಸಿಗರ ಕೇರಿಗೆ ಹೋಗುತ್ತಾನೆ. ಆ ಮನೆಯ ಯಜಮಾನ ಹಗಲೆಲ್ಲ ಹೊರಗೆ ಹರಕು ಇಂಗ್ಲಿಷಿನಲ್ಲಿ ದುಡಿಯುವವನು. ಅಂಗಡಿಯಲ್ಲಿ, ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ ಮಾತು ಸಿಗದೆ ತಡವರಿಸುವವನು. ಅವನ ಮನೆಯೊಳಗೆ ಬಂದ ಕೂಡಲೇ ತಡವರಿಸುವ ಸರದಿ ಬಿಳಿ ಅಂಗಿಯ ಹುಡುಗನದಾಗುತ್ತದೆ. ಕ್ರಿಯಾಪದ ತಪ್ಪುತ್ತದೆ, ಲಿಂಗ ತಪ್ಪುತ್ತದೆ, ದೇವರ ಬಗ್ಗೆ ಹೇಳಬೇಕಾದ ದೊಡ್ಡ ಮಾತು ಮಗುವಿನ ಮಾತಾಗಿ ಹೊರಡುತ್ತದೆ. ಮನೆಯಾಕೆ ನಕ್ಕು ತಿದ್ದುತ್ತಾಳೆ. ಮತದ ಮಾತು ಇಬ್ಬರ ನಡುವೆ ನ್ಯಾಯವಾಗಿ ನಡೆಯಬಹುದಾದ ಸ್ಥಿತಿ ಇದು. ತಿದ್ದುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರಿಗೆ ಬೇಡ ಎನ್ನುವುದು ಸುಲಭ. ಆದರೆ ಅದೇ ಹುಡುಗ ಆ ದೇಶದ ಪ್ರಜೆ, ಆ ಮನೆಯಾತನ ಬಳಿ ಕಾಗದಪತ್ರ ಇಲ್ಲದಿರಬಹುದು ಎಂಬುದನ್ನೂ ಮರೆಯಬಾರದು. ಭಾಷೆಯಲ್ಲಿ ಕೆಳಗಿಳಿದವನು ಪೌರತ್ವದಲ್ಲಿ ಮೇಲೆಯೇ ಉಳಿದಿದ್ದಾನೆ. ಸಭೆ ಹಲವೆಡೆ ಉಚಿತ ಇಂಗ್ಲಿಷ್ ತರಗತಿಯನ್ನೂ ನಡೆಸುತ್ತದೆ; ಆಗ ಪಾತ್ರಗಳು ಮತ್ತೆ ತಿರುವುಮುರುವಾಗಿ ಹುಡುಗ ಗುರುವಾಗುತ್ತಾನೆ. ಒಂದೇ ಊರಿನಲ್ಲಿ, ಒಂದೇ ಕೆಲಸದಲ್ಲಿ, ನಿಂತ ಜಾಗ ಗಂಟೆಗೊಮ್ಮೆ ಮೇಲೆ ಕೆಳಗೆ ಆಗುತ್ತಿರುತ್ತದೆ. ಅದನ್ನು ಗಮನಿಸುತ್ತಲೇ ಇರಬೇಕಾದವನು ಪ್ರಚಾರಕ.

ನಮ್ಮ ನಾಡು ಇದನ್ನು ಭಿಕ್ಷೆಯ ಮೂಲಕ ಬಗೆಹರಿಸಿಕೊಂಡಿತ್ತು. ಕೋರಾನ್ನಕ್ಕೆ ಬರುವ ಜಂಗಮ, ಗೋಪಾಳಬುಟ್ಟಿ ಹಿಡಿದ ಹರಿದಾಸ, ಮಾದಪ್ಪನ ಕಥೆ ಹಾಡುವ ಕಂಸಾಳೆಯವರು, ಮಂಟೇಸ್ವಾಮಿಯ ನೀಲಗಾರರು, ಮನೆಗಿಷ್ಟು ಎಂದು ಆಹಾರ ಸ್ವೀಕರಿಸುವ ಜೈನ ಮುನಿ: ಇವರೆಲ್ಲ ಹೇಳುವವರೂ ಹೌದು, ಬೇಡುವವರೂ ಹೌದು. ಹೊಸ್ತಿಲ ಹೊರಗೆ ನಿಂತವನ ಇವತ್ತಿನ ಊಟ ಒಳಗಿರುವವಳ ಕೈಯಲ್ಲಿದೆ. ಮುಂದಿನ ಮನೆ ನೋಡಪ್ಪ ಎಂದರೆ ಅವನು ಹೋಗಲೇಬೇಕು. ಜೋಳಿಗೆಯನ್ನು ಬರೀ ಬಡತನದ ಗುರುತು, ವಿರಕ್ತಿಯ ಗುರುತು ಎಂದಷ್ಟೇ ನೋಡುವುದು ಅಭ್ಯಾಸವಾಗಿದೆ. ಅದು ಕೇಳುಗನ ಸ್ವಾತಂತ್ರ್ಯಕ್ಕೆ ಕಟ್ಟಿದ ಕಾವಲೂ ಆಗಿತ್ತು ಎಂದು ನಾನು ತಿಳಿಯುತ್ತೇನೆ. ಹತ್ತೊಂಬತ್ತನೆಯ ಶತಮಾನದ ಮಾರ್ಮನ್ ಪ್ರಚಾರಕರೂ ಹಣದ ಚೀಲವಿಲ್ಲದೆ ಹೊರಟು, ಕೇಳುಗರು ಕೊಟ್ಟ ಊಟ, ಹಾಸಿಗೆಗಳ ಮೇಲೆ ಬದುಕುತ್ತಿದ್ದರು. ಆ ಪದ್ಧತಿ ಹೋಗಿ ತಿಂಗಳ ಖರ್ಚು, ಬಾಡಿಗೆ ಮನೆ ಬಂದವು. ಇಲ್ಲಿಯೂ ಜೋಳಿಗೆ ಹೋಗಿ ಮಠಗಳಿಗೆ ಕಾಲೇಜು, ಆಸ್ಪತ್ರೆಗಳು ಬಂದವು. ಇವುಗಳಿಂದ ಆದ ಉಪಕಾರ ದೊಡ್ಡದು, ಅದನ್ನು ಅಲ್ಲಗಳೆಯಲಾಗದು. ಆದರೆ ಮಗುವಿಗೆ ಸೀಟು ಕೇಳಲು ಬಂದವನು ಸ್ವಾಮೀಜಿಯ ಎದುರು ಕೂತಾಗ, ನಿಮ್ಮ ಮಾತು ನನಗೆ ಒಪ್ಪಿಗೆಯಿಲ್ಲ ಎನ್ನುವ ಧೈರ್ಯ ಅವನಿಗೆ ಎಲ್ಲಿಂದ ಬಂದೀತು?

ಕನ್ನಡದ ನೆಲದಲ್ಲಿ ಈ ವಾದಕ್ಕೆ ಒಳ್ಳೆಯ ಪರೀಕ್ಷೆ ಬಾಸೆಲ್ ಮಿಷನ್. 1834ರಲ್ಲಿ ಸ್ಯಾಮ್ಯುಯೆಲ್ ಹೆಬಿಕ್ ಮತ್ತು ಇಬ್ಬರು ಸಂಗಡಿಗರು ಮಂಗಳೂರಿಗೆ ಬಂದರು. 1836ರಲ್ಲಿ ಹರ್ಮನ್ ಮೊಗ್ಲಿಂಗ್. 1853ರಲ್ಲಿ ಇಪ್ಪತ್ತೊಂದು ವಯಸ್ಸಿನ ಫರ್ಡಿನೆಂಡ್ ಕಿಟ್ಟೆಲ್. ಇಂದಿನ ಮಾರ್ಮನ್ ಹುಡುಗನ ಪ್ರಾಯವೇ ಹೆಚ್ಚುಕಡಿಮೆ. ಇವರು ಕನ್ನಡದ ಎದುರು ವಿದ್ಯಾರ್ಥಿಗಳಾದರು. ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು, ದಾಸರ ಪದಗಳನ್ನೂ ಹಳೆಯ ಕಾವ್ಯಗಳನ್ನೂ ಹುಡುಕಿ ಅಚ್ಚು ಹಾಕಿಸಿದರು. ಕಿಟ್ಟೆಲ್ ನಾಗವರ್ಮನ ಛಂದೋಗ್ರಂಥವನ್ನು 1875ರಲ್ಲಿ ಸಂಪಾದಿಸಿ, 1894ರಲ್ಲಿ ಎಪ್ಪತ್ತು ಸಾವಿರದಷ್ಟು ಶಬ್ದಗಳ ನಿಘಂಟನ್ನು ಕೊಟ್ಟರು. ಮತಾಂತರದ ಲೆಕ್ಕದಲ್ಲಿ ಅವರು ಯಶಸ್ವಿ ಪ್ರಚಾರಕರಲ್ಲ. ಮಿಷನ್ನಿನ ಮೇಲಿನವರೊಂದಿಗೆ ಅವರ ಸಂಬಂಧವೂ ನೆಟ್ಟಗಿರಲಿಲ್ಲ. ಹಳ್ಳಿಯ ರೈತರಿಂದಲೂ ಪಂಡಿತರಿಂದಲೂ ಶಬ್ದ ಕೇಳಿ ಬರೆದುಕೊಳ್ಳುವವನು ಅವರ ಮೇಲೆ ಅಧಿಕಾರ ಚಲಾಯಿಸಲಾರ. ಅದೇ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು, ನೇಯ್ಗೆ ಕಾರ್ಖಾನೆಯೂ ನಡೆಯುತ್ತಿತ್ತು. ಇದಕ್ಕೆ ಕರುಣೆಯ ಕಾರಣವಿತ್ತು: ಕ್ರೈಸ್ತರಾದವರನ್ನು ಜಾತಿ ಹೊರಗಿಟ್ಟಿತ್ತು, ಕುಲಕಸುಬು ಕೈಬಿಟ್ಟಿತ್ತು, ಹೊಟ್ಟೆಪಾಡಿಗೆ ದಾರಿ ಬೇಕಿತ್ತು. ಆದರೂ ಪಾದ್ರಿಯೂ ಧಣಿಯೂ ಒಂದೇ ಸಂಸ್ಥೆಯಾದಾಗ ಅಲ್ಲಿಯ ಕೂಲಿಯವನು ನಂಬಿಕೆಯಲ್ಲಿ ಅಲುಗಾಡಿದರೆ ಗತಿಯೇನು? ಅದೇ ಸಂಸ್ಥೆ, ಅದೇ ದಶಕಗಳು, ಅದೇ ಭಕ್ತಿ. ನಿಘಂಟಿನ ಕೆಲಸದಲ್ಲಿ ಮಿಷನರಿ ಕೆಳಗಿದ್ದ, ಕಾರ್ಖಾನೆಯಲ್ಲಿ ಮೇಲಿದ್ದ. ಮೊದಲನೆಯದನ್ನು ಎಲ್ಲ ಮತದ ಕನ್ನಡಿಗರೂ ಇಂದಿಗೂ ತಮ್ಮದೆಂದು ಒಪ್ಪಿಕೊಂಡಿದ್ದಾರೆ. ಎರಡನೆಯದರ ಬಗ್ಗೆ ಅನುಮಾನ ಇನ್ನೂ ಆರಿಲ್ಲ.

ಹಾಗಾದರೆ ಈಗ ಬೆಂಗಳೂರಿನ ಪಶ್ಚಿಮದ ಬಡಾವಣೆಯೊಂದಕ್ಕೆ ಮಾರ್ಮನ್ ಪ್ರಚಾರಕ ಬಂದರೆ ಎಲ್ಲಿ ನಿಂತಿರುತ್ತಾನೆ? ಪ್ರವಾಸಿ ವೀಸಾದಲ್ಲಿ ಬಂದು ಮತ ಬೋಧಿಸಲು ನಮ್ಮ ಸರ್ಕಾರ ಬಿಡುವುದಿಲ್ಲ, ಹಾಗಾಗಿ ಬರುವವನು ಹೆಚ್ಚಾಗಿ ಭಾರತೀಯನೇ. ಆಂಧ್ರದವನೋ ತಮಿಳುನಾಡಿನವನೋ ಇರಬಹುದು. ಹಣವಂತನಲ್ಲ, ಅವನ ಬೆನ್ನಿಗೆ ಜನಬಲವಿಲ್ಲ, ಅನುಮಾನದ ಕಣ್ಣು ಅವನ ಮೇಲೆ ಸದಾ ಇರುತ್ತದೆ. ಇಷ್ಟರಮಟ್ಟಿಗೆ ಅವನು ಕೆಳಗೆಯೇ ನಿಂತಿದ್ದಾನೆ. ಆದರೆ ಅವನ ಸಭೆಯ ಕೆಲಸ ಭಾರತದಲ್ಲಿ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತದೆ, ಮತ್ತು ಬೆಂಗಳೂರಿನಲ್ಲಿ ಇಂಗ್ಲಿಷ್ ಎಂದರೆ ಬರೀ ಭಾಷೆಯಲ್ಲ, ಮೇಲೇರುವ ಏಣಿ. ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಯಲ್ಲಿ ಲೇತ್ ಓಡಿಸುವವನಿಗೂ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವಳಿಗೂ ಮಗ ನಾಲ್ಕು ಮಾತು ಇಂಗ್ಲಿಷ್ ಆಡಲಿ ಎಂಬ ಆಸೆ ಎಷ್ಟು ತೀವ್ರವಾದದ್ದು ಎಂಬುದು ಆ ಬೀದಿಗಳ ಕಾನ್ವೆಂಟ್ ಬೋರ್ಡುಗಳನ್ನು, ಸ್ಪೋಕನ್ ಇಂಗ್ಲಿಷ್ ಜಾಹೀರಾತುಗಳನ್ನು ನೋಡಿದವರಿಗೆ ಗೊತ್ತು. ಆ ತಾಯಿಯ ಎದುರು ಸರಾಗ ಇಂಗ್ಲಿಷಿನಲ್ಲಿ ಮೋಕ್ಷದ ಮಾತಾಡುವವನು, ತಾನು ಏನನ್ನೂ ಕೊಡುವುದಾಗಿ ಹೇಳದಿದ್ದರೂ, ಏನನ್ನೋ ಕೊಡಬಲ್ಲವನಂತೆ ಕಾಣುತ್ತಾನೆ. ಸ್ಪ್ಯಾನಿಷ್ ಕೇರಿಯ ಹುಡುಗನನ್ನು ಕೆಳಗಿಳಿಸಿದ್ದು ಕೇಳುಗರ ಭಾಷೆ. ಇಲ್ಲಿ ಕೇಳುಗರ ಭಾಷೆಯನ್ನು ಬಿಟ್ಟು ಹೋದರೆ ಪ್ರಚಾರಕ ಮೇಲೆಯೇ ಉಳಿದುಬಿಡುತ್ತಾನೆ. ಕನ್ನಡ ಕಲಿತು, ತಪ್ಪಿ, ತಿದ್ದಿಸಿಕೊಂಡು ಮಾತಾಡುವುದು ಅವನಿಗೆ ಅನುಕೂಲದ ವಿಷಯ ಮಾತ್ರವಲ್ಲ, ನೈತಿಕ ಷರತ್ತು.

ಇದಕ್ಕೆ ಮೊದಲ ಆಕ್ಷೇಪ, ಉಪದೇಶವೇ ಬೇಡ, ಅವರವರ ಧರ್ಮ ಅವರವರಿಗೆ ಎಂಬುದು. ಗಾಂಧೀಜಿಯವರಿಗೂ ಮತಾಂತರದ ಯತ್ನ ಒಪ್ಪಿಗೆಯಾಗಿರಲಿಲ್ಲ. ಹುಟ್ಟಿದ ಧರ್ಮವನ್ನೇ ಶುದ್ಧಿಮಾಡಿಕೊಳ್ಳಬೇಕು ಎಂಬುದು ಅವರ ನಿಲುವು. ಇದು ಗೌರವಕ್ಕೆ ಅರ್ಹವಾದ ನಿಲುವು, ಆದರೆ ನೆಮ್ಮದಿಯಿಂದ ಬದುಕುತ್ತಿರುವವರಿಗೆ ಹೆಚ್ಚು ಒಪ್ಪುವ ನಿಲುವು. ಹುಟ್ಟಿದ ಜಾಗದಲ್ಲೇ ಉಸಿರುಗಟ್ಟಿದವನಿಗೆ ಅಲ್ಲೇ ಇರು ಎಂದು ಹೇಳುವುದು ಉತ್ತರವಾಗದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧಧರ್ಮ ಸ್ವೀಕರಿಸಿ ಅಂಬೇಡ್ಕರ್ ಕೊಟ್ಟ ಉತ್ತರ ಬೇರೆ. ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಒಂದು ಬಡಾವಣೆಗೆ ಬಸವೇಶ್ವರರ ಹೆಸರಿಟ್ಟಿದ್ದೇವೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಧುವರಸ, ಹರಳಯ್ಯ ತಂತಮ್ಮ ಹುಟ್ಟಿನ ಗೆರೆ ದಾಟಿ ಬೀಗರಾದದ್ದು ಉಪದೇಶ ಕೇಳಿ ಮನಸ್ಸು ಬದಲಾಯಿಸಿಕೊಂಡದ್ದರಿಂದಲೇ. ಆ ಹೆಸರನ್ನು ಇಟ್ಟುಕೊಂಡು, ಯಾರೂ ಯಾರ ನಂಬಿಕೆಯನ್ನೂ ಬದಲಿಸಲು ಬರಬಾರದು ಎನ್ನುವುದು ಹೊಂದುವ ಮಾತಲ್ಲ. ಶರಣರು ಸಂಸ್ಕೃತದ ಮೇಲಿನ ಮೆಟ್ಟಿಲಿಂದ ಇಳಿದು ಕೇಳುವವರ ಕನ್ನಡದಲ್ಲಿ ಮಾತಾಡಿದರು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ತಮ್ಮನ್ನು ಕಿರಿಯನೆಂದು ಕರೆದುಕೊಂಡದ್ದನ್ನು ನಾನು ಬರೀ ವಿನಯವೆಂದು ಓದುವುದಿಲ್ಲ. ಅಧಿಕಾರದಲ್ಲಿದ್ದವನು ಧರ್ಮದ ಮಾತಾಡಬೇಕಾದರೆ ಮೊದಲು ಎಲ್ಲಿಗೆ ಇಳಿಯಬೇಕು ಎಂಬ ಅರಿವು ಅದರಲ್ಲಿದೆ.

ಇನ್ನೊಂದು ಆಕ್ಷೇಪ ಹೆಚ್ಚು ಕಠಿಣವಾದದ್ದು. ಸತ್ಯ ಹೇಳುವವನು ಎಲ್ಲಿ ನಿಂತರೇನು? ದೊಡ್ಡ ಆಸ್ಪತ್ರೆಯ ವೈದ್ಯ ಹೇಳಿದ ಮಾತ್ರಕ್ಕೆ ರೋಗನಿದಾನ ಸುಳ್ಳಾಗುವುದಿಲ್ಲವಲ್ಲ. ತಲೆಕೆಳಗು ಮಾಡಿದರೂ ಇದು ನಿಲ್ಲುತ್ತದೆ: ದೂತ ಎಷ್ಟು ವಿನಯಿಯಾದರೇನು, ಸಂದೇಶವೇ ಗರ್ವದ್ದಾದರೆ? ಮಾರ್ಮನ್ ಸಭೆ ಉಳಿದ ಕ್ರೈಸ್ತ ಸಭೆಗಳೆಲ್ಲ ದೈವದತ್ತ ಅಧಿಕಾರ ಕಳೆದುಕೊಂಡವು, ತನ್ನಲ್ಲಿ ಮಾತ್ರ ಅದು ಮರಳಿ ಸ್ಥಾಪನೆಯಾಯಿತು ಎನ್ನುತ್ತದೆ. 1978ರವರೆಗೆ ಆಫ್ರಿಕನ್ ಮೂಲದ ಗಂಡಸರಿಗೆ ಅದು ಯಾಜಕತ್ವ ಕೊಡುತ್ತಿರಲಿಲ್ಲ. ಇಂಥ ಸಂದೇಶವನ್ನು ಹೊತ್ತ ಹುಡುಗನ ತೊದಲು ನುಡಿ ಯಾವ ದೋಷವನ್ನು ತೊಳೆದೀತು? ಯಾವ ದೋಷವನ್ನೂ ತೊಳೆಯದು. ನಿಂತ ಜಾಗ ಸತ್ಯವನ್ನು ಸಾಬೀತು ಮಾಡುವುದಿಲ್ಲ, ಸುಳ್ಳನ್ನೂ ಮಾಡುವುದಿಲ್ಲ. ಆದರೆ ರೋಗನಿದಾನವನ್ನು ರೋಗಿ ನಂಬದಿದ್ದರೂ ಔಷಧ ಕೆಲಸ ಮಾಡುತ್ತದೆ. ದೇವರನ್ನು ಕುರಿತ ಮಾತು ಕೇಳಿದವನ ಒಳಗಿನ ಒಪ್ಪಿಗೆ ಇಲ್ಲದೆ ಏನೂ ಅಲ್ಲ. ಒಪ್ಪಿಗೆ ಅವನದೇ ಆಗಬೇಕಾದರೆ ಪ್ರತಿಯಾಗಿ ಕೇಳುವ, ಗದರುವ, ಕಳಿಸುವ ಸ್ವಾತಂತ್ರ್ಯ ಅವನಿಗಿರಬೇಕು. ಗರ್ವದ ಸಂದೇಶವನ್ನು ಕೆಳಗೆ ನಿಂತವನು ಹೇಳಿದರೆ, ಕರಿಯರನ್ನು ಅಷ್ಟು ವರ್ಷ ಏಕೆ ಹೊರಗಿಟ್ಟಿರಿ ಎಂದು ಕೇಳುವ ಧೈರ್ಯ ಬರುತ್ತದೆ, ಅವನು ಉತ್ತರ ಹುಡುಕಬೇಕಾಗುತ್ತದೆ. ಎಷ್ಟೋ ಸಲ ಆ ಉತ್ತರದ ಹುಡುಕಾಟ ಕೇಳಿದವರಿಗಿಂತ ಹೇಳಿದವನನ್ನೇ ಬದಲಿಸುವುದು ಸಾಧ್ಯ.

ಕಾನೂನು ಇದನ್ನೆಲ್ಲ ನೋಡಿಕೊಳ್ಳುತ್ತದಲ್ಲ ಎನ್ನಬಹುದು. ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರ್ 6ರಂದು ಧರ್ಮಪ್ರಚಾರದ ಹಕ್ಕನ್ನು ಲೋಕನಾಥ ಮಿಶ್ರ ಬಲವಾಗಿ ವಿರೋಧಿಸಿದರು. ಕ್ರೈಸ್ತ ಸಂಸ್ಥೆಗಳಲ್ಲಿ ಹದಿನಾಲ್ಕು ವರ್ಷ ಓದಿದರೂ ತಮ್ಮನ್ನು ಯಾರೂ ಮತಾಂತರಿಸಲು ನೋಡಲಿಲ್ಲ ಎಂದು ಟಿ.ಟಿ. ಕೃಷ್ಣಮಾಚಾರಿ ಬೆಂಬಲಿಸಿದರು. ಹಕ್ಕು 25ನೆಯ ವಿಧಿಯಲ್ಲಿ ಉಳಿಯಿತು. ಪ್ರಚಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು 1977ರ ಸ್ಟೆನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯ್ದೆ ಆಮಿಷದ ವ್ಯಾಖ್ಯೆಯನ್ನು ಉಡುಗೊರೆ, ಉದ್ಯೋಗ, ಉಚಿತ ಶಿಕ್ಷಣ, ಉತ್ತಮ ಜೀವನಶೈಲಿವರೆಗೂ ಹಿಗ್ಗಿಸಿ, ಮತ ಬದಲಿಸುವವನು ಮೂವತ್ತು ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದಿತು. 2023ರ ಜೂನ್‌ನಲ್ಲಿ ಹೊಸ ಸಚಿವ ಸಂಪುಟ ಅದನ್ನು ಹಿಂತೆಗೆಯಲು ತೀರ್ಮಾನಿಸಿತು. ಆ ಕಾಯ್ದೆಯ ದೊಡ್ಡ ತಪ್ಪು, ಅದು ಮಹಿಳೆಯರನ್ನೂ ಪರಿಶಿಷ್ಟರನ್ನೂ ಅಪ್ರಾಪ್ತರ ಸಾಲಿನಲ್ಲಿ ಕೂರಿಸಿ ಅವರ ವಿಷಯದಲ್ಲಿ ಹೆಚ್ಚಿನ ಶಿಕ್ಷೆ ಇಟ್ಟದ್ದು. ಕೇಳುವವನ ಬುದ್ಧಿಯನ್ನೇ ಅನುಮಾನಿಸಿದ ಮೇಲೆ ಅವನ ಮನಸ್ಸಾಕ್ಷಿಯನ್ನು ಕಾಪಾಡುತ್ತೇವೆ ಎನ್ನಲು ಬಾಯಿ ಬರಬಾರದು. ಇಂಗ್ಲಿಷಿನ ಮೆರುಗು, ಕಾಲೇಜು ಸೀಟಿನ ಹಂಗು ಇಂಥವು ಯಾವ ಪೊಲೀಸನ ಕಣ್ಣಿಗೂ ಬೀಳುವುದಿಲ್ಲ, ಬೀಳಲೂ ಬಾರದು. ಅದು ಪ್ರಚಾರಕನೂ ಅವನನ್ನು ಕಳಿಸಿದ ಸಭೆಯೂ ತಾವೇ ತಮಗೆ ಹಾಕಿಕೊಳ್ಳಬೇಕಾದ ಕಟ್ಟು.

ಆದರೆ ಹದಿನೆಂಟರ ಹುಡುಗನನ್ನು ಕೆಳಗೆ ನಿಲ್ಲಿಸುವುದು ಯಾರು? ಅವನೇ ಇಳಿದನೇ, ಇಳಿಸಿದರೇ? ಮಾರ್ಮನ್ ಮನೆಗಳಲ್ಲಿ ಗಂಡುಮಕ್ಕಳ ಮೇಲೆ ಈ ಸೇವೆಯ ನಿರೀಕ್ಷೆ ಭಾರವಾಗಿಯೇ ಇರುತ್ತದೆ. ನಡುವೆ ಬಿಟ್ಟು ಬಂದವನು ಊರವರ ಕಣ್ಣು ಎದುರಿಸಬೇಕಾಗುತ್ತದೆ. ಇದು ನನ್ನ ವಾದದ ದುರ್ಬಲ ಭಾಗವನ್ನು ಮುಟ್ಟುವ ಪ್ರಶ್ನೆ. ಬಲವಂತಕ್ಕೆ ಬಾಗಿದವನ ವಿನಯದಿಂದ ಕೇಳುಗನಿಗೆ ಕ್ಷೇಮವಾದೀತು, ಹೇಳುವವನಿಗೆ ಅನ್ಯಾಯವೇ. ಮಠಗಳಿಗೆ ಎಳೆಯ ಬಾಲಕರನ್ನು ಮರಿಗಳಾಗಿ ತರುವ ಪದ್ಧತಿ, ಜೈನರ ಬಾಲದೀಕ್ಷೆ ಇವುಗಳ ಬಗ್ಗೆ ನಮ್ಮಲ್ಲೇ ಎದ್ದ ತಕರಾರೂ ಇದೇ. ಮಾರ್ಮನ್ ಪದ್ಧತಿಯಲ್ಲಿ ಒಂದು ಮೆಚ್ಚಬೇಕಾದ ಅಂಶವೆಂದರೆ ಅದಕ್ಕೆ ಕೊನೆಯ ದಿನಾಂಕವಿದೆ. ಎರಡು ವರ್ಷವಾದ ಮೇಲೆ ಅವನು ಕಾಲೇಜಿಗೆ ಹೋಗಬಹುದು, ಮದುವೆಯಾಗಬಹುದು, ಬೇಕಿದ್ದರೆ ಸಭೆಯನ್ನೇ ಬಿಡಬಹುದು. ದಾರಿ ತಿರುಗಿ ಬರುವಂತೆ ತೆರೆದಿರುವುದು ಕೇಳುವವನಿಗೆ ಎಷ್ಟು ಮುಖ್ಯವೋ ಹೇಳಹೊರಟವನಿಗೂ ಅಷ್ಟೇ ಮುಖ್ಯ. ಬಿಟ್ಟು ಬಂದವನನ್ನು ಮನೆಯವರು ತಲೆ ತಗ್ಗಿಸದೆ ಒಳಗೆ ಕರೆದುಕೊಳ್ಳುವವರೆಗೆ ಆ ದಾರಿ ಪೂರ್ತಿ ತೆರೆದಿದೆ ಎನ್ನಲಾಗದು.

ಈ ಅಳತೆಯನ್ನು ಅಲ್ಪಸಂಖ್ಯಾತರಿಗೆ ಮಾತ್ರ ಹಿಡಿದರೆ ಅದು ಅಳತೆಯೇ ಅಲ್ಲ. ರಾಜಾಜಿನಗರದ ಇಸ್ಕಾನ್ ದೇವಾಲಯ 1997ರಲ್ಲಿ ರಾಷ್ಟ್ರಪತಿ ಶಂಕರದಯಾಳ್ ಶರ್ಮ ಅವರಿಂದ ಉದ್ಘಾಟನೆಯಾಯಿತು. ಅದರೊಂದಿಗೆ ಬೆಳೆದ ಅಕ್ಷಯಪಾತ್ರ 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1500 ಮಕ್ಕಳಿಂದ ಶುರುವಾಗಿ ಈಗ ಹಲವು ರಾಜ್ಯಗಳ ಲಕ್ಷಾಂತರ ಮಕ್ಕಳಿಗೆ ಬಿಸಿಯೂಟ ಕೊಡುತ್ತಿದೆ. ಅದು ದೊಡ್ಡ ಪುಣ್ಯದ ಕೆಲಸ. ಆ ಊಟದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ್ದಕ್ಕೆ ಆಹಾರದ ಹಕ್ಕಿನ ಹೋರಾಟಗಾರರು ಎತ್ತಿದ ತಕರಾರನ್ನು ಮಸಾಲೆಯ ಜಗಳವೆಂದು ತಳ್ಳಿಹಾಕಿದವರಿದ್ದಾರೆ. ತಟ್ಟೆ ಹಿಡಿದ ಮಗು ಕೊಡುವವನಿಗಿಂತ ಕೆಳಗಿದೆ; ಅದಕ್ಕೆ ಬೇಡ ಎನ್ನುವ ಸ್ಥಿತಿಯಿಲ್ಲ; ಆದ್ದರಿಂದ ಆ ತಟ್ಟೆಯಲ್ಲಿ ಕೊಡುವವನ ಆಚಾರ ಎಷ್ಟು ಕಡಿಮೆಯಿದ್ದರೆ ಅಷ್ಟು ನ್ಯಾಯ. ಅದೇ ಸಂಸ್ಥೆಯ ಬ್ರಹ್ಮಚಾರಿ ನವರಂಗ್ ಸರ್ಕಲ್ಲಿನಲ್ಲಿ ಪುಸ್ತಕ ಹಿಡಿದು ನಿಂತು, ಹತ್ತು ಜನ ಮುಖ ತಿರುಗಿಸಿ ಹೋದ ಮೇಲೆ ಹನ್ನೊಂದನೆಯವರನ್ನು ನಗುಮುಖದಿಂದ ಮಾತಾಡಿಸುವಾಗ ಅವನ ಮೇಲೆ ಈ ಆಕ್ಷೇಪ ನಿಲ್ಲುವುದಿಲ್ಲ. ಅಲ್ಲಿ ಅವನು ಮಾರ್ಮನ್ ಹುಡುಗನ ಪಕ್ಕದಲ್ಲೇ, ಜಂಗಮನ ಪಕ್ಕದಲ್ಲೇ ನಿಂತಿದ್ದಾನೆ. ಇಬ್ಬರಿಗೂ ಕನ್ನಡ ಕಲಿತು ಬನ್ನಿ ಎಂದು ಕೇಳುವ ಹಕ್ಕು ಈ ಬಡಾವಣೆಗಳ ಜನರಿಗಿದೆ. ಕಲಿತು ಬಂದರೆ, ಒಪ್ಪದಿದ್ದರೂ ಕೂರಿಸಿ, ನೀರು ಕೊಟ್ಟು, ತಪ್ಪಿದ ಮಾತನ್ನು ತಿದ್ದಿ, ಎದುರು ವಾದ ಹೂಡಿ ಕಳಿಸುವ ಹೊಣೆಯೂ ಅವರದೇ.